ಒಳಗಿನ ಚಿಲಕ

ನನ್ನ ಗಡಿಯಾರ ರಿಪೇರಿ ಅಂಗಡಿಗೆ ಒರಗಿಕೊಂಡೇ ಇರುವ ಡಬ್ಬದಂಥ ಅಂಗಡಿ ಅವನದು. ಬೀಗ ರಿಪೇರಿ, ನಕಲಿ ಕೀಲಿ. ಬೀದಿಯವರೆಲ್ಲ ಅವನನ್ನು ಕೀಲಿಯಣ್ಣ ಎನ್ನುತ್ತಾರೆ. ವಯಸ್ಸಿನಲ್ಲಿ ದೊಡ್ಡವನಾದ ನಾನೂ ಹಾಗೇ ಕರೆಯುತ್ತೇನೆ. ಮಹಾ ಬಾಯಿಬಡುಕ. ಕೀಲಿ ಕಳೆದುಕೊಂಡು ಅಳುಮೋರೆ ಹಾಕಿಕೊಂಡು ಬಂದವರನ್ನು ಮೊದಲು ನಗಿಸಿ, ಆಮೇಲೆ ಕೆಲಸಕ್ಕೆ ಕೈಹಾಕುತ್ತಾನೆ. ಬಾಗಿಲು ಹಾಕಿಕೊಂಡು ಕೂರುವವರನ್ನು ಕಂಡರೆ ಅವನಿಗಾಗದು. ಅವನ ಸ್ವಂತ ಕೋಣೆಯ ಬಾಗಿಲು ಸದಾ ಹಾರುಹೊಡೆದಿರುತ್ತದೆ. “ಕಳ್ಳ ಬಂದ್ರೆ ಪಾಪ, ಅವನೇ ಏನಾದ್ರೂ ಇಟ್ಟು ಹೋಗ್ಬೇಕು” ಎಂದು ಹಲ್ಲು ಕಿರಿಯುತ್ತಾನೆ.

ಇಂಥವನು ರಜೆಗೆಂದು ತಂಗಿಯ ಮನೆಗೆ ಹೋಗಿ ಸಿಕ್ಕಿಹಾಕಿಕೊಂಡ.

ಅದು ಸೋಂಕಿನ ವರ್ಷ. ಊರಿಗೆ ಊರೇ ಮನೆಯಲ್ಲಿ ಕೂತಿರುವಾಗ ಕೀಲಿ ಕಳೆದುಕೊಳ್ಳುವವರಾದರೂ ಯಾರು? ನಮ್ಮಿಬ್ಬರ ಅಂಗಡಿಯಲ್ಲೂ ನೊಣ ಹೊಡೆಯುವುದೇ ಕೆಲಸ. ವರ್ಷದ ಕೊನೆಯ ರಜೆಯ ಹೊತ್ತಿಗೆ ಮತ್ತೆ ಬಸ್ಸು ಬಿಟ್ಟರು. ಅದೇ ವಾರ ಅವನ ತಂಗಿ ಫೋನು ಮಾಡಿದಳು. ಅವರ ತಾಯಿ ಇದ್ದದ್ದು ಅವಳ ಮನೆಯಲ್ಲಿ. ಮುದುಕಿಗೆ ಮರೆವಿನ ಕಾಯಿಲೆ ಹತ್ತಿತ್ತು.

“ಅಣ್ಣಾ, ಅಮ್ಮ ಇವತ್ತು ನನ್ನನ್ನೇ ಯಾರಮ್ಮ ನೀನು ಅಂತ ಕೇಳಿದ್ಲು. ನಿನ್ನೊಬ್ಬನ್ನ ಮಾತ್ರ ನೆನಪಿಟ್ಕೊಂಡಿದ್ದಾಳೆ. ಅದೂ ಎಷ್ಟು ದಿನಾನೋ. ಗುರುತಿರೋವಾಗ್ಲೇ ಒಂದ್ಸಲ ಬಂದು ಮುಖ ತೋರಿಸಿ ಹೋಗು.”

ಹೋಗಬೇಡವೆಂದು ನಾನು ಬಡಕೊಂಡೆ. ಕೇಳಿದರೆ ತಾನೆ? ಉಪಕರಣಗಳ ಸಣ್ಣ ಚೀಲವನ್ನೂ ಹೆಗಲಿಗೇರಿಸಿಕೊಂಡು ಹೊರಟ. ಅದಿಲ್ಲದೆ ಅವನು ಎಲ್ಲಿಗೂ ಹೋಗುವವನಲ್ಲ.

ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲವಂತೆ. ಇಳಿದ ಕೂಡಲೇ ಮೂಗಿಗೆ ಕಡ್ಡಿ ಹಾಕಿ ಪರೀಕ್ಷೆ ಮಾಡಿ ಕಳಿಸಿದರು. ತಂಗಿಯ ಮನೆಯ ಮೆಟ್ಟಿಲಲ್ಲಿ ಚಪ್ಪಲಿ ಬಿಡುತ್ತಿರುವಾಗ ಫೋನು ಗುಂಯ್ ಎಂದಿತು. ಸೋಂಕಿದೆ. ಒಳಗೆ ದಮ್ಮಿನ ಕಾಯಿಲೆಯ ಮುದುಕಿ. ವಾಪಸು ಹೋಗೋಣವೆಂದರೆ ಸೋಂಕಿದ್ದವನನ್ನು ಬಸ್ಸು ಹತ್ತಿಸುವುದಿಲ್ಲ. ತಂಗಿ ಹೊರಗಿನಿಂದಲೇ ಮುಂದಿನ ಕೋಣೆಯ ಬಾಗಿಲು ತೆರೆದು ಅವನನ್ನು ಒಳಗೆ ತಳ್ಳಿದಳು.

ತಂಗಿ ಮನೆಯಲ್ಲೇ ಕೂತು ಬಟ್ಟೆ ಹೊಲಿಯುವವಳು. ಆ ಕೋಣೆಯ ತುಂಬ ಬಟ್ಟೆ ಚೂರುಗಳ ಮೂಟೆ. ಮೂಟೆಗಳ ನಡುವೆ ಕಿರುಗುಟ್ಟುವ ಮಂಚ. ಕಿಟಕಿ ತೆಗೆದರೆ ಪಕ್ಕದ ಮನೆಯ ಗೋಡೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಅವನಿಗೆ ಜ್ವರ ಅಷ್ಟೇನೂ ಇರಲಿಲ್ಲ. ಮಾತಾಡಲು ಯಾರೂ ಇಲ್ಲದೆ ಉಸಿರುಗಟ್ಟಿತು. ನನಗೆ ಫೋನು ಮಾಡಿ ಗೋಡೆಯ ಬಣ್ಣ ವರ್ಣಿಸುತ್ತಿದ್ದ.

ನಡುಮನೆಗೆ ತೆರೆಯುವ ಬಾಗಿಲಿನ ಚಿಲಕ ಸಡಿಲವಾಗಿತ್ತು. ಅವನು ಕೆಮ್ಮಿದ್ದು ಕೇಳಿ ಮುದುಕಿ ಬಂದು ಬಾಗಿಲು ದಬ್ಬಿದಳು. ಇವನು ಎಗರಿ ಬಂದು ಕಾಲಿನಿಂದ ತಡೆಹಿಡಿದ. ಸಂದಿಯಲ್ಲಿ ಅವಳ ನಾಲ್ಕು ಬೆರಳು ಮಾತ್ರ ಕಂಡವು.

“ಯಾರೋ ಅದು? ನೀನೇನೋ?”

“ನಾನೇ ಅಮ್ಮಾ. ಒಳಗೆ ಬರ್ಬೇಡ.”

“ಯಾಕೆ, ನನ್ನ ಮೇಲೆ ಸಿಟ್ಟಾ?”

ಹೊಲಿಗೆ ಮಿಷನ್ನಿನ ಸದ್ದಿನಲ್ಲಿ ಅಮ್ಮ ಎದ್ದುಹೋದದ್ದು ತಂಗಿಗೆ ಗೊತ್ತಾಗುತ್ತಿರಲಿಲ್ಲ. ಹಗ್ಗ ಕಟ್ಟಿದಳು, ಮುದುಕಿ ಬಿಚ್ಚಿದಳು. ಕುರ್ಚಿ ಅಡ್ಡ ಇಟ್ಟಳು, ಮುದುಕಿ ಎಳೆದು ಅದರ ಮೇಲೇ ಕೂತಳು. ಕೊನೆಗೊಂದು ಮಧ್ಯಾಹ್ನ ತಂಗಿ ಬಾಗಿಲ ಆಚೆ ನಿಂತು, “ಅಣ್ಣಾ, ಬೇಜಾರು ಮಾಡ್ಕೋಬೇಡ. ನಿನ್ನ ಕಡೆಯಿಂದ ಆ ಚಿಲಕ ಒಂಚೂರು ಗಟ್ಟಿ ಮಾಡ್ತೀಯಾ?” ಎಂದಳು.

ಇವನಿಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಚೀಲ ಬಿಚ್ಚಿದ. ಕಣ್ಣು ಮುಚ್ಚಿ ಮಾಡುವಂಥ ಕೆಲಸ. ನಾಲ್ಕು ಮೊಳೆ, ಒಂದು ಕೊಂಡಿ. ಅದಕ್ಕೆ ಸಂಜೆಯವರೆಗೆ ಒದ್ದಾಡಿದ. “ಹಾಳಾದ್ದು, ಚೆನ್ನಾಗೇ ಕೂತ್ಬಿಡ್ತು ಮಾರಾಯ” ಎಂದು ನನಗೆ ಫೋನಿನಲ್ಲಿ ಹೇಳಿದ.

ಆಮೇಲೆ ದಿನಾ ಊಟವಾದ ಮೇಲೆ ಮುದುಕಿ ಬಂದು ದಬ್ಬುತ್ತಿದ್ದಳು. ಬಾಗಿಲು ಅಲ್ಲಾಡುತ್ತಿರಲಿಲ್ಲ. ಮೊದಮೊದಲು ಉಂಡೆಯಾ, ಮಲಗಿದೆಯಾ ಎಂದು ವಿಚಾರಿಸಿ, ಹೊರಗೆ ಬಾರೋ ಎಂದು ಗೋಗರೆದು ಹೋಗುತ್ತಿದ್ದಳು. ಒಂದು ದಿನ ಇವನು ಎಂದಿನಂತೆ “ನಾನೇ ಅಮ್ಮಾ” ಎಂದದ್ದಕ್ಕೆ, “ನಾನು ಅಂದ್ರೆ?” ಎಂದಳು. ಇವನು ತನ್ನ ಹೆಸರು ಹೇಳಿದ. ಅವಳು ಹೂಂಗುಟ್ಟಿದಳು, ಅಷ್ಟೇ. ಆ ದಿನ ಅವನು ಅನ್ನ ಮುಟ್ಟಲಿಲ್ಲ. ಮುಖ ನೋಡಿದರೆ ಗುರುತು ಹಿಡಿದಾಳು ಎಂಬ ಆಸೆ. ಬಾಗಿಲು ತೆಗೆದರೆ ಅವಳ ಜೀವಕ್ಕೇ ಕುತ್ತು ಎಂಬ ಭಯ. ತನ್ನ ಕೈಯಾರೆ ಹಾಕಿದ ಚಿಲಕದ ಮುಂದೆ ಕೂತು ಬಾಯಿಗೆ ಬಂದಂತೆ ಬೈದುಕೊಂಡ.

ಡಾಕ್ಟರು ಹೇಳಿದ ಗಡುವು ಮುಗಿಯಲು ಇನ್ನೆರಡು ದಿನವಿತ್ತು. ರಜೆ ಎಂದೋ ಮುಗಿದಿತ್ತು. ಮುದುಕಿ ಬಂದು ಬಾಗಿಲು ತಟ್ಟಿದಳು. ಈ ಸಲ ದಬ್ಬಲಿಲ್ಲ. ಬೇರೆಯವರ ಮನೆಯ ಬಾಗಿಲು ತಟ್ಟುವ ಹಾಗೆ ಮೆಲ್ಲಗೆ ತಟ್ಟಿದಳು.

“ಯಾರಪ್ಪಾ ಒಳಗಿರೋದು?”

“ಒಬ್ಬ ಇದ್ದೀನಮ್ಮ.”

“ಅಯ್ಯೋ ಪಾಪ. ಬೀಗ ಹಾಕ್ಕೊಂಡು ಹೋಗ್ಬಿಟ್ರಾ ನಿನ್ನ?”

“ಹೂಂ.”

“ಹೆದರ್ಕೋಬೇಡಪ್ಪಾ. ನನ್ನ ಮಗ ರಜೆಗೆ ಬರ್ತಾನೆ. ಅವನ ಕೈಲಿ ತೆಗೆಯೋಕಾಗ್ದೆ ಇರೋ ಬೀಗಾನೇ ಇಲ್ಲ. ಬಂದ ತಕ್ಷಣ ಹೇಳಿ ತೆಗೆಸ್ತೀನಿ, ಆಯ್ತಾ?”

ಚಿಲಕ ಅವನ ಕಣ್ಣೆದುರಿಗೇ ಇತ್ತು. ಬೆರಳಲ್ಲಿ ಎಳೆದರೆ ಸಾಕಿತ್ತು. ಅವನು ಎರಡೂ ಕೈಗಳನ್ನು ಕಂಕುಳಲ್ಲಿ ಬಿಗಿಹಿಡಿದು ಕೂತ.

“ಆಯ್ತಮ್ಮ” ಎಂದ. “ಅವನು ಬರೋವರೆಗೂ ಕಾಯ್ತೀನಿ.”