ಒಂಬತ್ತನೆಯ ಪ್ರಶ್ನೆಗೆ ವೈನಿಯ ಉತ್ತರ

ಆ ಪ್ರಶ್ನೆಯನ್ನು ಕನ್ನಡದಲ್ಲಿ ಬರೆದವಳು ನಾನೇ. ‘ನಿಮಗೋ ನಿಮ್ಮ ಮಕ್ಕಳಿಗೋ ಮುಂದೆ ಕಾಯಿಲೆ ತರಬಹುದಾದ ದೋಷ ನಿಮ್ಮ ರಕ್ತದಲ್ಲಿ ಕಂಡುಬಂದರೆ ತಿಳಿಸಬೇಕೇ? ಬೇಕು / ಬೇಡ.’ ಮೂವತ್ತು ವರ್ಷ ಶಾಲೆಯಲ್ಲಿ ಕನ್ನಡ ಕಲಿಸಿದ ಸೊಕ್ಕು ನನ್ನದು. ಅದೊಂದು ವಾಕ್ಯವನ್ನು ನಾಲ್ಕು ಸಲ ತಿದ್ದಿದ್ದೆ.

ಆಸ್ಪತ್ರೆಯೊಂದು ಜನರ ರಕ್ತ ಪಡೆದು, ವಂಶವಾಹಿಗಳ ಸಂಶೋಧನೆಗಾಗಿ ವರ್ಷಗಟ್ಟಲೆ ಕಾದಿಡುವ ಭಂಡಾರ ತೆರೆದಿತ್ತು. ಯಾರ ರಕ್ತವನ್ನು ಯಾವುದಕ್ಕೆ ಬಳಸಬಹುದು, ಯಾವುದಕ್ಕೆ ಕೂಡದು ಎಂದು ನೋಡಿಕೊಳ್ಳಲು ಒಂದು ನೈತಿಕ ಸಮಿತಿ. ಅದರಲ್ಲಿ ಡಾಕ್ಟರರು, ಒಬ್ಬ ವಕೀಲರು, ನಿಯಮದ ಪ್ರಕಾರ ವೈದ್ಯಕೀಯ ಓದದ ಒಬ್ಬ ಸಾಮಾನ್ಯ ಸದಸ್ಯೆ. ಆ ಸಾಮಾನ್ಯಳು ನಾನು. ಮುಲುಂಡಿನಿಂದ ಲೋಕಲ್ ರೈಲು ಹಿಡಿದು ಹೋಗಿ, ಚಹಾ ಕುಡಿದು, ‘ಇದು ಜನರಿಗೆ ಅರ್ಥವಾಗುವುದಿಲ್ಲ’ ಎಂದು ತಕರಾರು ತೆಗೆಯುವುದು ನನ್ನ ಕೆಲಸ. ಅದು ನನಗೆ ಚೆನ್ನಾಗಿಯೇ ಬರುತ್ತಿತ್ತು.

ಮಾಟುಂಗದ ಹಾಲ್ ಒಂದರಲ್ಲಿ ಕನ್ನಡದವರಿಗಾಗಿ ರಕ್ತಸಂಗ್ರಹದ ಶಿಬಿರ ನಡೆದಾಗ ವಡಾಲದಿಂದ ನಮ್ಮ ವೈನಿಯನ್ನೂ ಕರೆಸಿದೆ. ತೀರಿಹೋದ ನನ್ನ ಅಣ್ಣನ ಹೆಂಡತಿ ಅವರು. ಧಾರವಾಡ ಬಿಟ್ಟು ನಲವತ್ತು ವರ್ಷವಾದರೂ ಅಲ್ಲಿಯ ಮಾತು ಬಿಟ್ಟಿಲ್ಲ. ರಕ್ತ ಕೊಡುವವರು ತುಂಬಬೇಕಾದ ಒಪ್ಪಿಗೆಯ ಅರ್ಜಿ ಓದಿ ವಿವರಿಸಲು ಒಬ್ಬ ನರ್ಸ್ ಬಂದರು. ‘ನಮ್ಮ ವೈನಿಗೆ ನಾನೇ ಹೇಳುತ್ತೇನೆ’ ಎಂದು ಅವರನ್ನು ಬೇರೆಯವರ ಕಡೆ ಕಳಿಸಿದೆ. ಒಂಬತ್ತನೆಯ ಪ್ರಶ್ನೆಗೆ ಬಂದಾಗ ವೈನಿ ಪೆನ್ನು ಹಿಡಿದು ನನ್ನ ಮುಖ ನೋಡಿದರು.

“ಇದಕ್ಕ ಏನ ಹಾಕ್ಲಿ? ನೀನ ಹೇಳವಾ.”

ನಮ್ಮ ಮನೆಗಳಲ್ಲಿ ದೊಡ್ಡ ರೋಗಗಳ ಹೆಸರೆತ್ತುವುದಿಲ್ಲ. ಹೆಸರೆತ್ತಿದರೆ ಕರೆದಂತೆ ಎಂಬ ಅಳುಕು. ಪ್ರಶ್ನೆ ಬರೆದ ನನಗೇ ಅದನ್ನು ವೈನಿಗೆ ಓದಿ ಹೇಳಲು ನಾಲಿಗೆ ಏಳಲಿಲ್ಲ.

“ಬ್ಯಾಡ ಅಂತ ಗುರುತ ಹಾಕಿಬಿಡ್ರಿ ವೈನಿ. ಇಲ್ಲದ್ದ ಚಿಂತಿ ಯಾಕ?”

ಹಾಕಿದರು. ರಕ್ತ ಕೊಟ್ಟು, ಇಡ್ಲಿ ತಿಂದು ಮನೆಗೆ ಹೋದರು.

ಎರಡು ವರ್ಷದ ಮೇಲೆ ಸಮಿತಿಯ ಮುಂದೆ ಒಂದು ಹಾಳೆ ಬಂತು. ಅದರಲ್ಲಿ ಹೆಸರಿರಲಿಲ್ಲ, ಇರಲೂಬಾರದು. ಮಾಟುಂಗದ ಶಿಬಿರ, ಕನ್ನಡ ಅರ್ಜಿ, ಅರವತ್ತರ ಆಸುಪಾಸಿನ ಹೆಂಗಸು. ಸ್ತನದ ಕ್ಯಾನ್ಸರ್ ತರಬಹುದಾದ, ಮಕ್ಕಳಿಗೂ ದಾಟಬಹುದಾದ ದೋಷ ಕಂಡಿದೆ. ಒಂಬತ್ತನೆಯ ಪ್ರಶ್ನೆಗೆ ಉತ್ತರ: ಬೇಡ.

ವೈನಿ ನೆನಪಾದರು. ವಕೀಲರು ನನ್ನ ಕಡೆ ತಿರುಗಿದರು. “ಮೇಡಮ್, ಬೇಡ ಅಂದವರ ಮಾತನ್ನು ನಾವು ಮೀರುವಂತಿಲ್ಲ. ಆದರೆ ಪ್ರಶ್ನೆ ಅರ್ಥವಾಗದೆ ಹಾಗೆ ಅಂದಿದ್ದರೆ ಮತ್ತೊಮ್ಮೆ ಹೋಗಿ ಕೇಳಬಹುದು. ಏನಂತೀರಿ?” ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಅದು ವೈನಿಯೇ ಎಂದು ಖಾತ್ರಿಯಿರಲಿಲ್ಲ. ‘ಅಲ್ಲಿ ಒಬ್ಬರಿಗೆ ನಾನು ಓದಿ ಹೇಳದೆ ಗುರುತು ಹಾಕಿಸಿದ್ದೇನೆ’ ಎಂದಿದ್ದರೆ ಸಾಕಿತ್ತು. ಎಲ್ಲರ ಅರ್ಜಿಯಲ್ಲೂ ತಪ್ಪು ಹುಡುಕಿದ ನಾನು ನನ್ನ ತಪ್ಪು ಹೇಳಲು ನಾಚಿದೆ. “ಪ್ರಶ್ನೆ ಸ್ಪಷ್ಟವಾಗಿದೆ, ಅರ್ಥವಾಗಿಯೇ ಇರುತ್ತದೆ” ಎಂದೆ. ಹಾಳೆ ಫೈಲಿಗೆ ಹೋಯಿತು.

ಹೋದ ತಿಂಗಳು ವೈನಿಯ ದೊಡ್ಡ ಮಗಳಿಗೆ ಎದೆಯಲ್ಲಿ ಗಂಟು ಕಂಡು, ಅದು ಕ್ಯಾನ್ಸರ್ ಎಂದಾಯಿತು. ಅವಳಿಗಿನ್ನೂ ಮೂವತ್ತಾರು. ನಾನು ವಡಾಲಕ್ಕೆ ಹೋದಾಗ ವೈನಿ ಮೆಂತ್ಯೆ ಸೊಪ್ಪು ಬಿಡಿಸುತ್ತಾ ಕೂತಿದ್ದರು.

“ಡಾಕ್ಟರ್ ಮನೆತನದಾಗ ಯಾರಿಗರ ಇತ್ತೇನು ಅಂತ ಕೇಳಿದ್ರು. ನಾ ಅಂದೆ, ನನ್ನ ರಕ್ತ ದೊಡ್ಡ ಆಸ್ಪತ್ರಿಯವರ ಪರೀಕ್ಷಾ ಮಾಡ್ಯಾರ, ಏನರ ಇದ್ರ ಹೇಳ್ತಿದ್ರು. ಹೇಳಿಲ್ಲಲ್ಲ. ನನ್ನಿಂದ ಬಂದಿದ್ದಲ್ಲ, ಅದೊಂದ ಸಮಾಧಾನ ನೋಡವಾ. ಸಣ್ಣಾಕಿಗೂ ತಪಾಸಣಿ ಬ್ಯಾಡ ಅಂದೀನಿ.”

ಹೌದು ಎಂದು ಸುಮ್ಮನಿರಬಹುದಿತ್ತು. ಸುಳ್ಳು ಹೇಳಬೇಕು, ಇಲ್ಲವೇ ಅವರಿಗಿದ್ದ ಆ ಒಂದು ಸಮಾಧಾನವನ್ನು ಕಿತ್ತುಕೊಳ್ಳಬೇಕು. ಸಣ್ಣ ಮಗಳ ಮುಖ ಕಣ್ಣ ಮುಂದೆ ಬಂತು.

“ವೈನಿ, ಏನ ಸಿಕ್ಕರೂ ತಿಳಸಬ್ಯಾಡ್ರಿ ಅಂತ ನೀವು ಗುರುತ ಹಾಕೀರಿ. ಅದಕ್ಕ ಅವರು ಹೇಳಿಲ್ಲ ಅಂದ್ರ ಏನೂ ಇಲ್ಲ ಅಂತಲ್ಲ. ಹಾಕಿಸಿದಾಕಿ ನಾನ.”

ಹಾಳೆಯ ವಿಷಯ ಹೇಳಲಿಲ್ಲ, ಸಮಿತಿಯ ಗುಟ್ಟು ಹೊರಗೆ ಹೇಳುವಂತಿಲ್ಲ. ನಿಜ ಹೇಳಬೇಕೆಂದರೆ, ಆ ನಿಯಮದ ಹಿಂದೆ ಅಡಗಿಕೊಂಡೆ.

ವೈನಿ ಬೈಯಲಿ ಎಂದು ಕಾದೆ. ಬೈಯಲಿಲ್ಲ.

“ನೀ ಓದಿದಾಕಿ ಅಂತ ನಿನ್ನ ಕೇಳಿದ್ದೆ” ಎಂದರು, ಅಷ್ಟೇ.

ಆಮೇಲೆ ಸಣ್ಣ ಮಗಳಿಗೆ ಫೋನ್ ಹಚ್ಚಿದರು. ಅವಳು ಎತ್ತಿದಳು. ವೈನಿ ಫೋನನ್ನು ನನ್ನ ಕೈಗೆ ಕೊಟ್ಟರು.

“ನೀನ ಹೇಳವಾ.”

“ಆಯಿ? ಹಲೋ? ಕ್ಯಾ ಹುವಾ?” ಏನಾಯಿತೆಂದು ತಾಯಿಯನ್ನು ಕೇಳುತ್ತಿದ್ದಳು ಸಣ್ಣವಳು. ನಾಲ್ಕು ಸಲ ತಿದ್ದಿ ಬರೆದಿದ್ದ ಆ ಪ್ರಶ್ನೆಯನ್ನು ಅಂದು ಮೊದಲ ಸಲ ಬಾಯಿಬಿಟ್ಟು ಕೇಳಿದೆ. ಅವಳಿಗೆ ಕನ್ನಡ ಅಷ್ಟಾಗಿ ಬಾರದು. ನಿನ್ನ ರಕ್ತದಲ್ಲಿ ದೋಷವಿದ್ದರೆ ತಿಳಿಯಬೇಕೇ ಎಂದು ಹಿಂದಿಯಲ್ಲೇ ಕೇಳಿದೆ.