ಒಂಬತ್ತನೆಯ ನಿಯಮ ಮತ್ತು ಲೋಹಿತನ ನೌಕರಿ

ಲೋಹಿತ ಕೆಲಸ ಮಾಡುವ ಪುರಸಭೆ ಯಾವ ಊರಿನದು ಎಂದು ಕೇಳಿದರೆ ಶಿಗ್ಗಾಂವಿಯವರು ಸವಣೂರಿನ ಕಡೆ ಕೈ ತೋರಿಸುತ್ತಾರೆ, ಸವಣೂರಿನವರು ಹಾನಗಲ್ಲಿನ ಕಡೆ, ಹಾನಗಲ್ಲಿನವರು ಹಿರೇಕೆರೂರಿನ ಕಡೆ. ಹಿರೇಕೆರೂರಿನವರು ನಕ್ಕು ಸುಮ್ಮನಾಗುತ್ತಾರೆ. ಆದ್ದರಿಂದ ಊರನ್ನು ಬಿಟ್ಟು ಲೋಹಿತನ ಬಗ್ಗೆಯೇ ಹೇಳುವುದು ಒಳ್ಳೆಯದು. ಅವನ ಬಗ್ಗೆ ಏನು ಹೇಳಿದರೂ ತಕರಾರು ಮಾಡುವವರು ಯಾರೂ ಇಲ್ಲ, ಅವನೂ ಸೇರಿ.

ದುಂಡಸಿಯ ಹುಡುಗ. ಬಿ.ಎ. ಮುಗಿಸಿದ, ಕಂಪ್ಯೂಟರ್ ಕ್ಲಾಸಿನ ಸರ್ಟಿಫಿಕೇಟು ತಂದ, ಪುರಸಭೆಯಲ್ಲಿ ಹೊರಗುತ್ತಿಗೆಯ ಆಪರೇಟರ್ ಆದ. ಪ್ರತಿ ವರ್ಷ ಸದಸ್ಯರ ಸಾಮಾನ್ಯ ಸಭೆ ಠರಾವು ಮಾಡಿದರೆ ಮತ್ತೊಂದು ವರ್ಷ ಇರುತ್ತಾನೆ, ಮಾಡದಿದ್ದರೆ ಮರುದಿನವೇ ಅವನ ಕುರ್ಚಿ ಬೇರೆಯವರದು. ಅವನ ಅವ್ವ ಯಂಕವ್ವ ಮಾತ್ರ ಓಣಿಯ ತುಂಬ "ನಮ್ಮ ಲೋಹಿತ ಮುನಸಿಪಾಲ್ಟಿ ನಡಸ್ತಾನ" ಎಂದು ಹೇಳಿಕೊಂಡು ಬಂದಿದ್ದಳು. ಅವನೂ ತಿದ್ದಲು ಹೋಗಿರಲಿಲ್ಲ. ನಡೆಸುವುದೆಂದರೆ ಪ್ರಿಂಟರಿಗೆ ಹಾಳೆ ತುಂಬುವುದು, ಸಭೆಯ ನೋಟೀಸು ಟೈಪು ಮಾಡುವುದು, ಸಭೆ ಸೇರಿದಾಗ ಮೂಲೆಯ ಮೇಜಿಗೆ ಕುಳಿತು ನಡಾವಳಿ ಬರೆಯುವುದು. ಸದಸ್ಯರು ಆಡಿದ ಮಾತನ್ನು ಮರ್ಯಾದೆಯ ಭಾಷೆಗೆ ಇಳಿಸಿದರೆ ಅದು ನಡಾವಳಿ. "ನಿನ್ನ ವಾರ್ಡಿಗೆ ಮಣ್ಣ ಹಾಕ" ಎಂದು ಒಬ್ಬರು ಕೂಗಿದರೆ ಅವನು "ಸದರಿ ವಾರ್ಡಿಗೆ ಮಣ್ಣು ಹಾಕುವ ಕುರಿತು ಸುದೀರ್ಘವಾಗಿ ಚರ್ಚಿಸಲಾಯಿತು" ಎಂದು ಬರೆಯುತ್ತಿದ್ದ. ಈ ಕಲೆ ತನಗೆ ಒಲಿದಿದೆ ಎಂದು ಅವನಿಗೆ ಒಳಗೊಳಗೇ ಅನ್ನಿಸಿತ್ತು. ಅವನು ಕೆಟ್ಟದ್ದೇ ಅಲ್ಲಿ.

ಆ ವರ್ಷ ಒಂದು ಸಭೆಯಲ್ಲಿ ಶಿದ್ಲಿಂಗಪ್ಪ ಎಂಬ ಸದಸ್ಯರು ತಮ್ಮ ಓಣಿಗೆ ಬೀದಿ ದೀಪ ಬರುವ ತನಕ ಕೊಡುವುದಿಲ್ಲವೆಂದು ಇದ್ದ ಒಂದೇ ಮೈಕನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತುಬಿಟ್ಟರು. ಮೈಕು ಚಾಲೂ ಇತ್ತು. ಅವರು ಕುಳಿತಲ್ಲೇ ಮಿಸುಕಾಡಿದಾಗಲೆಲ್ಲ ಸಭಾಂಗಣ ಗುಡುಗುತ್ತಿತ್ತು. ಅಧ್ಯಕ್ಷೆ ನೀಲಾಂಬಿಕಾ ಮೊದಲು ಹೊಲಿಗೆ ಕ್ಲಾಸು ನಡೆಸಿದವರು.

"ನನ್ನ ಕ್ಲಾಸಿನ್ಯಾಗ ಹುಡಿಗೇರು ಇದಕ್ಕಿಂತ ಚಲೋ ಕುಂದರ್ತಿದ್ರು. ಸಾಹೇಬ್ರ, ಸಭಾ ನಡಸಾಕ ಒಂದ ಪದ್ಧತಿ ಮಾಡ್ರಿ" ಎಂದರು.

ಸಾಹೇಬರು ಎಂದರೆ ಮುಖ್ಯಾಧಿಕಾರಿ. ಅವರು ಆ ಕೆಲಸವನ್ನು ತಮ್ಮ ಕೆಳಗಿನವರಿಗೆ ಹೇಳಿದರು, ಅವರು ತಮ್ಮ ಕೆಳಗಿನವರಿಗೆ. ಲೋಹಿತನ ಕೆಳಗೆ ಯಾರೂ ಇಲ್ಲದ್ದರಿಂದ ಅದು ಅಲ್ಲಿಗೆ ಬಂದು ನಿಂತಿತು.

ಅವನು ಸಭೆಯ ನಿಯಮಾವಳಿ ಬರೆದ. ಸ್ವಲ್ಪ ಸರಕಾರದ ಪುಸ್ತಕದಿಂದ ಎತ್ತಿದ, ಸ್ವಲ್ಪ ಯಾವುದೋ ದೊಡ್ಡ ಪಾಲಿಕೆಯ ವೆಬ್‌ಸೈಟಿನಿಂದ. ಖಾಲಿ ಉಳಿದ ಕಡೆ ತಲೆಯಿಂದ ತುಂಬಿದ. ಆಫೀಸಿನ ಗೋಡೆಯ ಮೇಲೆ ಸಂವಿಧಾನ ಬರೆದವರ ಫೋಟೋ ಇತ್ತು. ದುಂಡಸಿಯ ಮನೆಯಲ್ಲೂ ಅದೇ ಫೋಟೋಕ್ಕೆ ಕೈ ಮುಗಿದೇ ಅವನು ಬಸ್ಸು ಹತ್ತುವುದು. ಆದರೆ ಆ ಸಂಜೆ, ಪ್ರಿಂಟು ತೆಗೆದಮೇಲೆ, ಅವನು ಫೋಟೋದ ಕಡೆ ಸಮಾನ ಕಷ್ಟ ಪಟ್ಟವನ ಹಾಗೆ ನೋಡಿದ. ಆಮೇಲೆ ಬಹಳ ದಿನ ಆ ಕಡೆ ನೋಡುವ ಧೈರ್ಯ ಬರಲಿಲ್ಲ.

ಅವನಿಗೆ ಹೆಚ್ಚು ಹೆಮ್ಮೆ ತಂದದ್ದು ಒಂಬತ್ತನೆಯ ನಿಯಮ. ಬಸ್‌ಸ್ಟ್ಯಾಂಡಿನ ಮಳಿಗೆ ಹರಾಜಿನ ವಿಷಯ ಬಂದಾಗ ಮಳಿಗೆ ಹಿಡಿಯುವವರ ಅಣ್ಣತಮ್ಮಂದಿರೇ ಸಭೆಯಲ್ಲಿ ಕೂಡುವುದನ್ನು ಅವನು ನೋಡಿದ್ದ. ಅದಕ್ಕೆಂದು ಹೀಗೆ ಬರೆದ: ಯಾವುದೇ ವಿಷಯದಲ್ಲಿ ಸ್ವಂತ ಹಿತ ಇರುವವರು, ಅವರು ಯಾರೇ ಆಗಿರಲಿ, ಆ ವಿಷಯ ಮುಗಿಯುವ ತನಕ ಸಭಾಂಗಣದ ಹೊರಗಿರತಕ್ಕದ್ದು. ಕೊನೆಗೆ, ತನ್ನ ಕೃತಿಯನ್ನು ಯಾರೂ ಕೆಡಿಸಬಾರದೆಂದು, ನಿಯಮಗಳನ್ನು ಬದಲಿಸಬೇಕಾದರೆ ಮೊದಲು ನೋಟೀಸು ಕೊಟ್ಟು ಮುಂದಿನ ಸಭೆಯಲ್ಲೇ ಬದಲಿಸತಕ್ಕದ್ದು ಎಂದು ಸೇರಿಸಿದ.

ಸಭೆ ಅದನ್ನು ಓದಲಿಲ್ಲ. ಊಟದ ಹೊತ್ತಾಗಿತ್ತು. "ಓದಿದಂತೆ ತಿಳಿದು ಒಪ್ಪಲಾಯಿತು" ಎಂದು ಅವನೇ ಬರೆದುಕೊಂಡ.

ಮುಂದಿನ ಸಭೆಯ ದಿನ ಊರಿನಲ್ಲಿ ಮದುವೆಗಳು ಬಹಳ. ಸದಸ್ಯರ ಕೋರಂ ಆಗಲಿಲ್ಲ, ಸಭೆ ಮುಂದಕ್ಕೆ ಹೋಯಿತು. ಹಾಗೆ ಮುಂದೂಡಿದ ಸಭೆ ಮತ್ತೆ ಸೇರಿದಾಗ ಎಷ್ಟು ಜನ ಇದ್ದರೂ ನಡೆಯುತ್ತದೆ, ಕೋರಂ ಬೇಕಿಲ್ಲ. ಅಧ್ಯಕ್ಷರು ಇಲ್ಲದಿದ್ದರೆ ಇದ್ದವರಲ್ಲಿ ಒಬ್ಬರು ಆ ಕುರ್ಚಿಗೆ ಕೂಡಬಹುದು. ಇದೂ ನಿಯಮಾವಳಿಯಲ್ಲಿತ್ತು. ಹೀಗೆ ಮತ್ತೆ ಸೇರಿದ ಸಭೆಯೇ ಹೊಸ ನಿಯಮಗಳ ಪ್ರಕಾರ ನಡೆದ ಮೊದಲ ಸಭೆ. ಅದರ ಕೊನೆಯ ವಿಷಯ ಲೋಹಿತನನ್ನು ಮುಂದುವರಿಸುವುದು. ಆ ದಿನಕ್ಕೇ ಅವನ ಅವಧಿ ಮುಗಿಯುತ್ತಿತ್ತು. ಕೊನೆಯಲ್ಲಿ ಇಟ್ಟವನೂ ಅವನೇ. ಹಸಿದವರು ಜಗಳಾಡದೆ ಒಪ್ಪುತ್ತಾರೆ ಎಂಬುದು ಅವನ ಅನುಭವ.

ಮೊದಲ ವಿಷಯ ಕುಡಿಯುವ ನೀರು. ಎಂಟು ದಿನಕ್ಕೊಮ್ಮೆ ಬರುವುದನ್ನು ನಾಲ್ಕು ದಿನಕ್ಕೊಮ್ಮೆ ಬಿಡಬೇಕೆಂದು. ಪೈಪು, ನಟ್ಟು, ಬೋಲ್ಟಿನ ಅಂಗಡಿಯ ಶಹಾಬುದ್ದೀನ ಆಗ ಎದ್ದು ನಿಂತರು. ಅವರಿಗೆ ಹೊಸ ಚಾಳೀಸು ಬಂದಿತ್ತು. ಅದನ್ನು ಹಾಕಿಕೊಂಡು ಓದಿದ ಮೊದಲ ಕಾಗದವೇ ನಿಯಮಾವಳಿ.

"ಅಕ್ಕಾರ, ಒಂಬತ್ತನೇದು ನೋಡ್ರಿ. ಹಿತ ಇದ್ದವ್ರು ಹೊರಗಿರಬೇಕಂತ. ನಿಮ್ಮನ್ಯಾಗ ನಳ ಐತೇನ್ರಿ?"

"ಐತಿ" ಎಂದರು ನೀಲಾಂಬಿಕಾ.

"ನೀರ ಕುಡಿತೀರೇನ್ರಿ?"

"ಕುಡೀದ ಹೆಂಗ ಇರೂದೋ ಮಾರಾಯಾ?"

"ಹಂಗಾರ ನಿಮಗ ಹಿತ ಐತ್ರಿ. ಏಳ್ರಿ. ನಾನೂ ಏಳ್ತೇನಿ, ನಂದೂ ನಳ ಐತಿ. ಪೈಪೂ ಮಾರ್ತೇನಿ, ನಾ ಎರಡ ಸಲ ಹೋಗಬೇಕು."

ಅಧ್ಯಕ್ಷೆ ಸಾಹೇಬರನ್ನು ನೋಡಿದರು. ಸಾಹೇಬರು ಲೋಹಿತನನ್ನು ನೋಡಿದರು. ಲೋಹಿತ ಹಾಳೆ ನೋಡಿದ.

"ಬರದದ್ದು ಹಂಗ ಐತ್ರಿ" ಎಂದ.

ನಳ ಇದ್ದವರೆಲ್ಲ ಎದ್ದು ಪಡಸಾಲೆಗೆ ಹೋದರು. ಒಳಗೆ ಉಳಿದವರು ಪೈಪ್‌ಲೈನೇ ಹೋಗದ ಹೊಸ ಬಡಾವಣೆಗಳ ಮೂವರು. "ನಮಗಂತೂ ಎಂದೂ ಬಂದಿಲ್ಲ. ಇವ್ರಿಗೆ ಎಂಟ ದಿನಕ್ಕೊಮ್ಮೆ ಬರೂದ ಹೆಚ್ಚಾತು" ಎಂದು ಅವರು ನೀರಿನ ಪ್ರಶ್ನೆಯನ್ನು ಸರ್ವಾನುಮತದಿಂದ ತಳ್ಳಿಹಾಕಿದರು.

ಬೀದಿ ನಾಯಿಗಳ ವಿಷಯ ಇನ್ನೂ ಕಷ್ಟವಾಯಿತು. ನಾಯಿ ಕಚ್ಚಿಸಿಕೊಂಡವರು ಹೊರಗೆ ಹೋಗಬೇಕು, ನಾಯಿಗೆ ರೊಟ್ಟಿ ಹಾಕುವವರೂ ಹೋಗಬೇಕು. ಶಿದ್ಲಿಂಗಪ್ಪನವರು ಹೊರಗೆ ಹೋಗಲು ಎದ್ದು ಧೋತರ ಎತ್ತಿ ಮೀನಖಂಡ ತೋರಿಸಿದರು. ಶಹಾಬುದ್ದೀನ ಬಗ್ಗಿ ನೋಡಿ, "ಇದು ನಾಯಿ ಕಡದದ್ದಲ್ರಿ, ತಂತಿ ತರಚೈತಿ. ಕುಂದರ್ರಿ" ಎಂದರು.

"ನನ್ನ ಕಾಲ, ನನಗ ಗೊತ್ತಿಲ್ಲೇನು?"

"ಗೊತ್ತಿದ್ರ ನಾಯಿ ಯಾವುದು ಹೇಳ್ರಿ."

ಸಾಹೇಬರು ಮೊಬೈಲಿನ ಟಾರ್ಚು ಹಚ್ಚಿ ನೋಡಿದರು. ಲೋಹಿತ "ಸದರಿ ಗಾಯವನ್ನು ಸಭೆಯು ಪರಿಶೀಲಿಸಿತು" ಎಂದು ಬರೆದ. ಅಷ್ಟು ಹೊತ್ತಿಗೆ ಜವಾನ ಫಕ್ಕೀರಪ್ಪ ಬಾಗಿಲು ಹಾಕುವುದನ್ನು ಬಿಟ್ಟಿದ್ದ. ಒಬ್ಬರು ಬರುವುದು ಇಬ್ಬರು ಹೋಗುವುದು ನಡೆದೇ ಇತ್ತು. ಚಹಾದವನು ಕೆಟಲನ್ನು ಪಡಸಾಲೆಯಲ್ಲೇ ಇಟ್ಟುಕೊಂಡು ಕುಳಿತ.

ನೀಲಾಂಬಿಕಾ ಬೇಸತ್ತು, "ಈ ನಿಯಮಾನ ತಗದ ಹಾಕ್ರಿ" ಎಂದರು.

"ಈಗ ಬರೂದಿಲ್ರಿ. ಮೊದಲು ನೋಟೀಸ ಕೊಟ್ಟು, ಮುಂದಿನ ಸಭಾದಾಗ" ಎಂದ ಲೋಹಿತ.

"ಯಾವಾಂವ ಬರದಾನ ಇದನ್ನ?"

ಲೋಹಿತ ಬೀಳದ ಪೆನ್ನನ್ನು ಹುಡುಕಲು ಮೇಜಿನ ಕೆಳಗೆ ಹೋದ.

ಕೊನೆಯ ವಿಷಯ ಬಂದಾಗ ಎಲ್ಲರೂ ಹಸಿದಿದ್ದರು. ಅವನ ಲೆಕ್ಕ ಅಲ್ಲಿಗೆ ಸರಿಯಾಗಿಯೇ ಇತ್ತು. ಸಾಹೇಬರು ವಿಷಯ ಓದಿದ ಕೂಡಲೇ ಶಹಾಬುದ್ದೀನ ಚಾಳೀಸು ಸರಿಮಾಡಿಕೊಂಡರು.

"ಲೋಹಿತಾ, ನಿಂದ ವಿಷಯ ಐತಲ್ಲೋ. ನೀ ಒಳಗ ಹೆಂಗ ಕುಂತಿ?"

"ನಾ ಹೊರಗ ಹೋದ್ರ ಬರ್ಕೊಳ್ಳಾವ್ರು ಯಾರ್ರಿ? ಬರೀದ ಇದ್ರ ಠರಾವ ಆಗಂಗಿಲ್ರಿ."

"ಹೊರಗ ನಿಂತು ಕಿಡಕ್ಯಾಗಿಂದ ಬರಿ. ಸಭಾಂಗಣದ ಹೊರಗ ಅಂದ್ರ ಆತು."

ಅವನು ಹಾಳೆ, ಪೆನ್ನು, ಹಲಗೆ ಹಿಡಿದು ಹೊರಗೆ ಬಂದು ಕಿಟಕಿಗೆ ನಿಂತ. ಒಳಗೆ ಶಹಾಬುದ್ದೀನ ಇನ್ನೂ ಕುಳಿತಿರಲಿಲ್ಲ. ಲೋಹಿತನ ಕಡೆಯಿಂದ ಯಾರಿಗೆ ಏನು ಹಿತವಿದೆ ಎಂದು ಕೇಳುತ್ತಿದ್ದರು. ನೀಲಾಂಬಿಕಾ ಅವರ ಮೊಮ್ಮಗಳ ಜನನ ದಾಖಲೆ ಅವನ ಹತ್ತಿರ ಬಾಕಿ ಇತ್ತು. ಶಿದ್ಲಿಂಗಪ್ಪನವರ ಮನೆ ಪರವಾನಗಿ ಇತ್ತು. ಶಹಾಬುದ್ದೀನರ ಅಂಗಡಿಯ ಲೈಸೆನ್ಸೇ ಇತ್ತು. ಸಾಹೇಬರು ತಲೆ ಕೆರೆದುಕೊಂಡು, "ಇಂವ ಇಲ್ಲಂದ್ರ ನನ್ನ ಕಂಪ್ಯೂಟರ್ ತಗ್ಯಾಕ ಬರೂದಿಲ್ಲ, ಪಾಸ್ವರ್ಡ್ ಅವನ ಕಡೆ ಐತಿ" ಎಂದು ತಾವೂ ಎದ್ದರು. ಅವನು ಬೇಕಾದವರೆಲ್ಲ, ಬೇಕಾದ ಕಾರಣಕ್ಕೇ, ಸಾಲಾಗಿ ಹೊರಗೆ ಬಂದರು. ಕೆಲವರು ಅವನ ಬೆನ್ನು ತಟ್ಟಿ ಚಹಾದ ಕಡೆ ಹೋದರು. ತನ್ನನ್ನು ಇಷ್ಟು ಜನ ಇಷ್ಟಪಡುತ್ತಾರೆ ಎಂದು ಲೋಹಿತನಿಗೆ ಅಂದೇ ತಿಳಿದದ್ದು, ಅದರಿಂದ ಕೆಲಸ ಹೋಗಬಹುದೆಂದೂ ಅಂದೇ ತಿಳಿದದ್ದು.

ಒಳಗೆ ಒಬ್ಬರೇ ಉಳಿದರು, ರಾಜೇಸಾಬ. ಗಾದಿ ಹೊಲಿಯುವವರು, ನಳ ಇಲ್ಲದ ಮೂವರಲ್ಲಿ ಒಬ್ಬರು. ಸಭೆಯಲ್ಲಿ ಮಾತಾಡಿದ್ದು ಕಡಿಮೆ. ಹುಬ್ಬಿನಲ್ಲಿ ಯಾವಾಗಲೂ ಹತ್ತಿಯ ಎಳೆ ಇರುತ್ತಿತ್ತು. ಅವರು ನಿಧಾನವಾಗಿ ಎದ್ದು ಅಧ್ಯಕ್ಷರ ಕುರ್ಚಿಗೆ ಹೋಗಿ ಕುಳಿತು, ಒಮ್ಮೆ ಒತ್ತಿ ನೋಡಿದರು.

"ಇದರಾಗಿನ ಹತ್ತಿ ಸತ್ತ ಹೋಗೈತಿ" ಎಂದರು.

"ಅದನ್ನ ಬರೀಲೇನ್ರಿ ಚಾಚಾ?"

"ಬ್ಯಾಡ. ನಂದೊಬ್ಬಂದ ನಿನ್ನ ಕಡೆ ಏನೂ ಕೆಲಸ ಬಾಕಿ ಇಲ್ಲ. ಯಾಕ ಅಂತ ಗೊತ್ತೈತೇನು?"

ಗೊತ್ತಿಲ್ಲವೆಂದು ಲೋಹಿತ ಕಂಬಿಯ ನಡುವೆ ತಲೆ ಆಡಿಸಿದ.

"ನಮ್ಮಪ್ಪನ ಮನಿ ನನ್ನ ಹೆಸರಿಗೆ ಮಾಡಿಸಿ ಖಾತೆ ಉತಾರ ತಗೋಬೇಕಂತ ಬಂದೆ. ಸರ್ವರ್ ಇಲ್ಲ ಅಂದಿ. ಮತ್ತ ಬಂದೆ. ಇಲ್ಲ ಅಂದಿ. ಮಂದಿ ಅಂದ್ರು, ಸಾಬ್ರ, ಮೆಂಬರ್ ಆದ್ರ ಕೆಲಸ ಆಕೈತಿ. ಇಲೆಕ್ಷನ್ನಿಗೆ ನಿಂತೆ. ಉತಾರದ ಸಲುವಾಗಿ ಮನಿ ಮನಿ ತಿರಗಿ ಕೈ ಮುಗದೆ. ಗೆದ್ದೆ. ಹಾರ ಕೊಳ್ಳಾಗ ಇದ್ದಂಗ ನಿನ್ನ ಕಡೆ ಬಂದೆ. ಏನಂದಿ ನೆನಪೈತೇನು?"

"ಸರ್ವರ್ ಖರೇನ ಇರಲಿಲ್ರಿ."

"ಕಂಪ್ಯೂಟರ್ ಚಾಲೂನ ಇರಲಿಲ್ಲೋ ತಮ್ಮಾ. ಅದರ ಮುಂದ ನೀ ಬುತ್ತಿ ಬಿಚ್ಚಿಕೊಂಡು ಕುಂತಿದ್ದಿ. ಅವತ್ತ ಉತಾರದ ಆಸೇನ ಬಿಟ್ಟೆ. ಅದಕ್ಕ ಇವತ್ತ ಒಳಗದೇನಿ."

ಲೋಹಿತನಿಗೆ ದುಂಡಸಿಯ ಓಣಿ ಕಣ್ಣಿಗೆ ಕಟ್ಟಿತು. ಮುನಸಿಪಾಲ್ಟಿ ನಡೆಸುವವನು ಮಧ್ಯಾಹ್ನದ ಬಸ್ಸಿಗೇ ಯಾಕೆ ಬಂದ ಎಂದು ಅವ್ವನನ್ನು ಕೇಳುವವರು, ಅವ್ವ ಹೇಳಬೇಕಾದ ಉತ್ತರ.

ರಾಜೇಸಾಬ ಸಭೆಯನ್ನು ನಿಯಮದಂತೆಯೇ ನಡೆಸಿದರು. ಅಧ್ಯಕ್ಷರ ಕುರ್ಚಿಯಿಂದ, "ಯಾರರೆ ಮಾತಾಡ್ತೀರೇನು?" ಎಂದು ಖಾಲಿ ಸಾಲುಗಳನ್ನು ಕೇಳಿದರು. ಎದ್ದು ತಮ್ಮ ಜಾಗಕ್ಕೆ ಹೋಗಿ, "ಮಾತಾಡ್ತೇನ್ರಿ" ಎಂದರು.

"ಈ ಹುಡುಗನ್ನ ಬಿಡಸಬೇಕಂತ ಬೆಳಿಗ್ಗೆ ಮನಿಯಿಂದ ಹೊಂಟಾಗನ ಮನಸ್ಸಿನ್ಯಾಗ ಇತ್ರಿ. ಆದ್ರ ಇಂವ ಹೋದ್ರ ಮತ್ತೊಬ್ಬಾಂವ ಬರ್ತಾನ. ಅವನೂ ಇದನ್ನ ಹೇಳ್ತಾನ. ಇವನರೆ ಹೇಳೂವಾಗ ನೆಲ ನೋಡ್ತಾನ್ರಿ. ಅಷ್ಟರ ಐತಿ."

ಮತ್ತೆ ಅಧ್ಯಕ್ಷರ ಕುರ್ಚಿಗೆ ಬಂದು, "ಸಾಕ್ರಿ, ವ್ಯಾಳ್ಯಾ ಆತು" ಎಂದು ತಮ್ಮನ್ನೇ ಕೂರಿಸಿದರು. ಅವನನ್ನು ಮುಂದುವರಿಸಬೇಕೆಂದು ಸೂಚಿಸಲು ತಮ್ಮ ಕುರ್ಚಿ ಸಾಕಾಯಿತು. ಅನುಮೋದಿಸಲು ಎರಡನೆಯವರು ಬೇಕು, ಆದರೆ ಆ ಎರಡನೆಯವರು ಬೇರೆ ಮನುಷ್ಯನೇ ಆಗಬೇಕೆಂದು ಬರೆಯಲು ಲೋಹಿತ ಮರೆತಿದ್ದ. ರಾಜೇಸಾಬ ಪಕ್ಕದ ಕುರ್ಚಿಗೆ ಸರಿದರು.

"ಅದು ನನ್ನ ಕುರ್ಚಿರಿ" ಎಂದು ಪಡಸಾಲೆಯಿಂದ ಶಹಾಬುದ್ದೀನ ಹೇಳಿದರು.

"ಹೊರಗಿನ ಮಂದಿ ಮಾತಾಡಬಾರದು" ಎಂದರು ರಾಜೇಸಾಬ. "ಬರಕೋ ಲೋಹಿತಾ, ಒಂದ ಷರತ್ತ ಐತಿ."

ಅವನು ಬರೆದ. "ಸದರಿ ಆಪರೇಟರನ್ನು ಒಂದು ವರ್ಷಕ್ಕೆ ಮುಂದುವರಿಸುವುದು. ಷರತ್ತು: ಸರ್ವರ್ ಇಲ್ಲವೆಂದು ಹೇಳುವ ಪೂರ್ವದಲ್ಲಿ ಸದರಿಯವನು ಕಂಪ್ಯೂಟರನ್ನು ಚಾಲೂ ಮಾಡಿ ನೋಡತಕ್ಕದ್ದು." ಮರ್ಯಾದೆಯ ಭಾಷೆಗೆ ಎಷ್ಟು ಇಳಿಸಿದರೂ ಅದು ಇದ್ದಷ್ಟೇ ಉಳಿಯಿತು.

"ಪರವಾಗಿ ಇದ್ದವ್ರು ಕೈ ಎತ್ರಿ" ಎಂದು ರಾಜೇಸಾಬ ತಮ್ಮ ಕೈ ಎತ್ತಿ, ಎಣಿಸಿ, ಇಳಿಸಿದರು. "ವಿರುದ್ಧ ಇದ್ದವ್ರು."

ಅವರ ಕೈ ಮತ್ತೆ ಮೇಲೆ ಹೋಯಿತು. ಲೋಹಿತನ ಪೆನ್ನು ಹಾಳೆಯ ಮೇಲೆ ನಿಂತೇಬಿಟ್ಟಿತು.

"ಕಿವ್ಯಾಗ ಹತ್ತಿ ಹೋಗೈತಿ" ಎಂದು ರಾಜೇಸಾಬ ಕಿವಿ ಕೆದರಿಕೊಂಡರು. "ವಿರುದ್ಧ ಯಾರೂ ಇಲ್ಲ. ಸರ್ವಾನುಮತ ಅಂತ ಬರಿ. ಊಟಕ್ಕ ಹೋಗೂನು."

ಮರುದಿನ ಬಾಗಿಲು ತೆಗೆಯುವ ಹೊತ್ತಿಗೆ ರಾಜೇಸಾಬ ಮನೆಯ ಕಾಗದಗಳನ್ನು ಹಿಡಿದು ಕೌಂಟರಿನ ಮುಂದೆ ನಿಂತಿದ್ದರು. ಲೋಹಿತ ಷರತ್ತಿನ ಪ್ರಕಾರ ಕಂಪ್ಯೂಟರ್ ಚಾಲೂ ಮಾಡಿದ. ಅದು ಎದ್ದಿತು, ಪಾಸ್ವರ್ಡ್ ಕೇಳಿ ಒಳಗೆ ಬಿಟ್ಟುಕೊಂಡಿತು, ಆಮೇಲೆ ತೆರೆಯ ನಡುವೆ ಒಂದು ಸಣ್ಣ ಚಕ್ರ ತಿರುಗತೊಡಗಿತು. ತಿರುಗುತ್ತಲೇ ಇತ್ತು. ರಾಜೇಸಾಬ ಕೌಂಟರಿನ ಮೇಲಿಂದ ಬಗ್ಗಿ ಬಹಳ ಹೊತ್ತು ಅದನ್ನೇ ನೋಡಿದರು.

"ಏನಿದು?"

ಲೋಹಿತ ಈ ಸಲ ನೆಲ ನೋಡಲಿಲ್ಲ. "ಸರ್ವರ್ ಇಲ್ರಿ ಚಾಚಾ."

"ಇದೇನ ಅದು?"

"ಹೌದ್ರಿ. ಇಲ್ಲಂದ್ರ ಹಿಂಗ ಇರ್ತೈತ್ರಿ."

ರಾಜೇಸಾಬ ಬೆಂಚನ್ನು ಎಳೆದು ಚಕ್ರ ಕಾಣುವ ಹಾಗೆ ಹಾಕಿಕೊಂಡರು. "ಖರೇ ಇದ್ದಾಗ ಕಾಯಾಕ ನನಗೇನ ಬ್ಯಾಸರಿಲ್ಲ" ಎಂದು ಕಾಗದಗಳನ್ನು ತೊಡೆಯ ಮೇಲಿಟ್ಟು ಕುಳಿತರು.