ಶುರುವಿನ ಅಂಕಿ

ಹಾವೇರಿಯ ಸುಮಿತ್ರಾ ವಿಶಾಖಪಟ್ಟಣಕ್ಕೆ ಬಂದು ಆರು ವರ್ಷವಾಗಿತ್ತು. ಎಂವಿಪಿ ಕಾಲೋನಿಯ ಮಹಡಿಯೊಂದರಲ್ಲಿ ದೋಣಿಗಳಿಗೆ ರೇಡಿಯೋ ಮಾಡುವ ಸಣ್ಣ ಕಂಪನಿ. ಅಲ್ಲಿ ಅವಳದು ವಿಚಿತ್ರ ಕೆಲಸ. ರೇಡಿಯೋದಲ್ಲಿ ಆಡಿದ ಮಾತು ಒಂದೇ ದಾರಿ ಹಿಡಿದು ಬರುವುದಿಲ್ಲ. ನೇರವಾಗಿ ಒಂದು, ನೀರಿಗೆ ತಾಗಿ ಒಂದು, ಗುಡ್ಡಕ್ಕೆ ಬಡಿದು ತಡವಾಗಿ ಇನ್ನೊಂದು. ಒಂದರ ಅಲೆ ಏರುವಾಗ ಇನ್ನೊಂದರ ಅಲೆ ಇಳಿದರೆ ಎರಡೂ ಕೂಡಿ ಮಾತೇ ಅಡಗಿಹೋಗುತ್ತದೆ. ಪ್ರತಿ ಸಲ ದೋಣಿ ಹತ್ತಿ ನೋಡಲಾದೀತೇ? ಆ ದಾರಿಗಳನ್ನೆಲ್ಲ ಅವಳು ಕಂಪ್ಯೂಟರಿನೊಳಗೇ, ದಾಳ ಎಸೆದಂತೆ ಪ್ರತಿ ಸಲ ಬೇರೆ ಬೇರೆಯಾಗಿ ಹುಟ್ಟಿಸಿ, ಮಾತು ಉಳಿಯುತ್ತದೋ ಇಲ್ಲವೋ ಪರೀಕ್ಷಿಸುತ್ತಿದ್ದಳು.

ಎರಡು ಸಾವಿರದ ಎಂಟರಲ್ಲಿ ವಿಜಯವಾಡದ ಲಾಂಚುಗಳಿಗೆ ರೇಡಿಯೋ ಬೇಕೆಂದು ಕೇಳಿಬಂತು. ನೂರಕ್ಕೆ ನೂರು ಸಲ ಪಾಸಾಗಿದೆ ಎಂದು ಮೈಸೂರಿನವನಾದ ಮೇಲಧಿಕಾರಿ ದಿನಕರ ವರದಿ ಬರೆದು, ಕೆಳಗೆ ಸುಮಿತ್ರಾಳ ಸಹಿ ಹಾಕಿಸಿ ಕಳಿಸಿದ. ಆಮೇಲೆ ಸುಮಿತ್ರಾಳಿಗೆ ತನ್ನ ತಪ್ಪು ಕಂಡಿತು. ಕಂಪ್ಯೂಟರಿನ ದಾಳ ಹೇಗೆ ಬೀಳುತ್ತದೆಂಬುದು ಶುರುವಿಗೆ ಕೊಟ್ಟ ಅಂಕಿಯ ಮೇಲೆ ನಿಲ್ಲುತ್ತದೆ. ಪ್ರೋಗ್ರಾಂ ತಿದ್ದುವಾಗ ಅನುಕೂಲಕ್ಕೆಂದು ಶುರುವಿನ ಅಂಕಿ ಏಳು ಎಂದು ಕಟ್ಟಿಹಾಕಿದ್ದಳು, ದಾಳ ಪ್ರತಿ ಸಲ ಒಂದೇ ರೀತಿ ಬೀಳಲೆಂದು. ಬಿಚ್ಚಲು ಮರೆತಿದ್ದಳು.

"ಸರ್, ಅದು ನೂರು ಪರೀಕ್ಷೆ ಅಲ್ರೀ. ಒಂದ ಪರೀಕ್ಷೆ ನೂರು ಸಲ ಆಗೈತಿ. ಅಂಕಿ ಬದಲಿಸ್ಕೋತ ಹೋದ್ರ ನೂರರಾಗ ಮೂವತ್ತೆಂಟು ಸಲ ಮಾತ ಕೇಳವಲ್ದು. ತಪ್ಪು ನಂದ ಐತ್ರಿ."

"ತಪ್ಪು ನಿಮ್ದಾದ್ರೆ ಬಾಯಿನೂ ನೀವೇ ಮುಚ್ಕೊಳ್ಳಿ. ಹಳೇ ಅಂಕಿನೇ ಇರ್ಲಿ. ವರದಿ ಕೆಳಗೆ ಯಾರ ಸಹಿ ಇದೆ, ನೋಡ್ಕೊಂಡಿದ್ದೀರಾ?"

"ಅದಕ್ಕ ಹೇಳಾಕತ್ತೇನ್ರಿ."

"ಊರಲ್ಲೇ ಮೆಣಸಿನಕಾಯಿ ಒಣಗಿಸ್ಕೊಂಡು ಇರ್ಬೇಕಿತ್ತು ನೀವು."

"ಒಣಗದ್ದನ್ನ ಚೀಲಕ್ಕ ತುಂಬಿದ್ರ ಬೂಷ್ಟು ಹಿಡಿತೈತ್ರಿ ಸರ್. ಅಷ್ಟು ಗೊತ್ತೈತಿ ನಮಗ."

ಲಾಂಚಿನವರ ಎದುರು ಪರೀಕ್ಷೆ ಮಾಡಿ ತೋರಿಸಲು ಇಬ್ಬರೂ ಹೊರಟರು. ವಿಜಯವಾಡದ ರೈಲಿನಲ್ಲಿ ದಿನಕರ ತನಗೊಬ್ಬನಿಗೇ ಕಾಫಿ ತೆಗೆದುಕೊಂಡ. ಇಳಿಯುವಾಗ ಮಾತ್ರ, "ಅಂಕಿ ಏಳು. ಮರೀಬೇಡಿ," ಎಂದ.

ಲಾಂಚುಗಳ ಒಡತಿ ಸೀತಾಮಹಾಲಕ್ಷ್ಮಿ ತೆಲುಗಿನಲ್ಲಿ ನೇರವಾಗಿ ಕೇಳಿದರು: "ಗುಡ್ಡದ ತಿರುವಿನಲ್ಲೇ ನಮಗೆ ಮಾತು ಕಡಿಯುವುದು, ಅಮ್ಮಾಯಿ. ಲಾಂಚಿನ ತುಂಬ ಜನರಿರುತ್ತಾರೆ. ಇದು ಕಡಿಯುವುದಿಲ್ಲ ತಾನೇ?"

ತಂದಿದ್ದ ಕಂಪ್ಯೂಟರಿನ ಕೀಲಿಗಳ ಮೇಲಿದ್ದ ತನ್ನ ಬೆರಳುಗಳನ್ನೇ ದಿನಕರ ನೋಡುತ್ತಿರುವುದು ಸುಮಿತ್ರಾಳಿಗೆ ತಿಳಿಯುತ್ತಿತ್ತು.

"ಶುರುವಿನ ಅಂಕಿ ನೀವೇ ಹೇಳಿ, ಅಮ್ಮಾ," ಎಂದಳು, ತೆಲುಗಿನಲ್ಲೇ.

"ದೊಡ್ಡ ಲಾಂಚಿನ ನಂಬರು ಹಾಕು. ನಲವತ್ತೊಂದು."

ಸ್ಪೀಕರಿನಲ್ಲಿ ಒಂದು ದನಿ ಒಂದು, ಎರಡು ಎಂದು ಎಣಿಸುತ್ತ ಹೋಯಿತು. ನಾಲ್ಕಕ್ಕೆ ಗೊರಗೊರ. ಮತ್ತೆ ಹನ್ನೊಂದಕ್ಕೆ ದನಿ ಬಂತು.

"ಕಂಪ್ಯೂಟರ್ ಹಳೇದು, ಮೇಡಂ," ಎಂದ ದಿನಕರ.

ಆಕೆ ಅವನತ್ತ ತಿರುಗಲಿಲ್ಲ. "ನೂರರಲ್ಲಿ ಎಷ್ಟು ಸಲ ಹೀಗೆ?"

"ಮೂವತ್ತೆಂಟು."

ಸೀತಾಮಹಾಲಕ್ಷ್ಮಿ ವರದಿಯನ್ನು ಮೇಜಿನ ಈಚೆಗೆ ತಳ್ಳಿದರು. ದಿನಕರ ಅದನ್ನು ಚೀಲಕ್ಕೆ ತುರುಕಿಕೊಂಡ.

ವಾಪಸು ಬರುವಾಗ ಅವನು ಬೇರೆ ಡಬ್ಬಿಯಲ್ಲಿ ಕೂತ. ವಿಶಾಖಪಟ್ಟಣದ ಪ್ಲಾಟ್‌ಫಾರ್ಮಿನಲ್ಲಿ ಕಾದು ನಿಂತು ಹೇಳಿದ: "ನಾಳೆಯಿಂದ ನೀವು ಬರೋದು ಬೇಡ."

"ನಾಳೆ ಒಂದಿನ ಬರ್ತೇನ್ರಿ," ಎಂದಳು ಸುಮಿತ್ರಾ. "ವರದಿಯಾಗ ನನ್ನ ಸಹಿ ಹೊಡದಹಾಕೂದೈತಿ."

ಮರುದಿನ ಒಂಬತ್ತಕ್ಕೆ ಹೋದಳು. ದಿನಕರ ವರದಿ ಕೊಡಲಿಲ್ಲ. ಕೊಡುವ ತನಕ ಅವನ ಮೇಜಿನ ಎದುರು ಪೆನ್ನಿನ ಮುಚ್ಚಳ ತೆಗೆದುಕೊಂಡು ಕೂತೇ ಇದ್ದಳು.